ದೇವಿ ಎಂಬ ಮಾತು



ಶಹಾಬಜಾರದಲ್ಲಿದ್ದು ಓದಿ ಹೋದ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದು ಒಂದು ಸಂದೇಹವನ್ನು ನಮ್ಮ ಮುಂದಿಟ್ಟಿದ್ದಾರೆ. ಅಕ್ಕಮಹಾದೇವಿಯನ್ನು ಕುರಿತು ಅವರ ಮಗಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತ ‘ಮಹಾದೇವಿ’ ಎಂಬುದನ್ನು ‘ಗ್ರೇಟ್ ಗಾಡೆಸ್’ ಎಂದು ಅನುವಾದಿಸಿದ್ದಾಳಂತೆ. ಇದು ಸರಿಯೇ? ನಿಘಂಟನ್ನು ತೆರೆದರೆ ಸರಿ. ಚರಿತ್ರೆಯನ್ನು ತೆರೆದರೆ ಮಾತು ಅಷ್ಟು ಸುಲಭವಲ್ಲ.

‘ಗಾಡ್’ ಎಂಬ ಪದಕ್ಕೆ ಫ್ರೆಂಚಿನಿಂದ ಬಂದ ಸ್ತ್ರೀ ಪ್ರತ್ಯಯವನ್ನು ಹಚ್ಚಿ ‘ಗಾಡೆಸ್’ ಎಂದರು, ‘ಲಯನ್’ ‘ಲಯನೆಸ್’ ಆದ ಹಾಗೆ. ಏಕದೇವನ ಹೆಸರು ದೊಡ್ಡಕ್ಷರದಿಂದ ಆರಂಭವಾದರೆ ‘ಗಾಡೆಸ್’ ಸಾಮಾನ್ಯವಾಗಿ ಸಣ್ಣಕ್ಷರದಲ್ಲಿಯೇ ಉಳಿಯಿತು. ಗ್ರೀಕರ ಅಥೀನಾ, ರೋಮನರ ವೀನಸ್ ಇವರಿಗೆ ಸಂದ ಆ ಪದ ಬರಬರುತ್ತ ಕವಿಗಳ ಪ್ರೇಯಸಿಯರಿಗೂ ಚಲನಚಿತ್ರದ ತಾರೆಯರಿಗೂ ಸಂದಿತು.

ನಮ್ಮ ‘ದೇವರು’ ಎಂಬ ಪದದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ‘ದೇವತೆ’ಯು ಸಂಸ್ಕೃತದಲ್ಲಿ ಸ್ತ್ರೀಲಿಂಗವಾದರೂ ಇಂದ್ರನೂ ದೇವತೆಯೇ, ಅಗ್ನಿಯೂ ದೇವತೆಯೇ. ಇನ್ನು ‘ದೇವಿ’ ದೈವವೂ ಹೌದು, ಅರಸಿಯೂ ಹೌದು. ಪ್ರಯಾಗದ ಸ್ತಂಭದ ಮೇಲೆ ಅಶೋಕನ ಎರಡನೆಯ ರಾಣಿಯ ದಾನಗಳನ್ನು ಕುರಿತ ಶಾಸನವಿದೆ. ಅಲ್ಲಿ ಆಕೆಯನ್ನು ‘ದೇವಿ’ ಎಂದೇ ಕರೆದಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ. ಪಟ್ಟದರಸಿಗೆ ‘ಪಟ್ಟಮಹಾದೇವಿ’ ಎಂಬ ಬಿರುದೇ ಇದ್ದಿತು.

ಆದರೆ ಜನಸಾಮಾನ್ಯರು ದೈವವನ್ನು ಕರೆದುದು ಅರಸಿಯೆಂದಲ್ಲ, ತಾಯಿಯೆಂದು. ಎಲ್ಲಮ್ಮ, ದ್ಯಾಮವ್ವ, ದುರಗವ್ವ. ನಮ್ಮ ಜಿಲ್ಲೆಯ ಸನ್ನತಿಯಲ್ಲಿ ಭೀಮಾತೀರದ ಚಂದ್ರಲಾಂಬಾ. ‘ಅಂಬಾ’ ಎಂದರೂ ತಾಯಿಯೇ. ಆ ಕ್ಷೇತ್ರದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದುಬಿದ್ದಾಗ ವಿಗ್ರಹದ ಪೀಠವಾಗಿದ್ದ ಕಲ್ಲು ಬೆಳಕಿಗೆ ಬಂದಿತು. ನೋಡಿದರೆ ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನ ಶಾಸನ! ‘ದೇವರಿಗೆ ಪ್ರಿಯನಾದವನು’ ಎಂದು ತನ್ನನ್ನು ಕರೆದುಕೊಂಡ ಅರಸನ ಮಾತುಗಳು ಎಷ್ಟೋ ಕಾಲ ತಾಯಿಯ ಪಾದದ ಕೆಳಗಿದ್ದವು. ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ಕುಳಿ ತೋಡಿದವರಿಗೆ ಆ ಅಕ್ಷರಗಳು ಓದಲು ಬರುತ್ತಿರಲಿಲ್ಲ, ಅವರನ್ನು ದೂರುವಂತಿಲ್ಲ. ಅಲ್ಲಿ ದೊರೆತ ಭಾಗಗಳಲ್ಲಿ ಹನ್ನೆರಡನೆಯ ಬಂಡೆಶಾಸನದ್ದೂ ಒಂದು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯಬಾರದೆಂಬುದು ಆ ಶಾಸನದ ಆಶಯ. ಸನ್ನತಿಗೆ ದರ್ಶನಕ್ಕೆಂದು ಹೋಗುವ ನೀವು ಈ ಕಲ್ಲಿನ ಕಥೆಯನ್ನು ಮಕ್ಕಳಿಗೂ ಹೇಳಿರಿ.

ಈಗ ಆ ಬಾಲಕಿಯ ಪ್ರಬಂಧ. ‘ಮಹಾದೇವಿ’ ಪಾರ್ವತಿಯ ಹೆಸರು. ಪಟ್ಟದರಸಿಯ ಬಿರುದಿನಲ್ಲಿಯೂ ಇರುವ ಮಾತು. ಉಡುತಡಿಯ ಮಹಾದೇವಿಯಾದರೋ ಕೌಶಿಕನ ಅರಮನೆಯನ್ನು ತೊರೆದು ಬಂದಳೆಂದು ಕಾವ್ಯಗಳು ಹೇಳುತ್ತವೆ. ಅರಸಿಯಾಗಲೊಲ್ಲದ ಆಕೆಯನ್ನು ಶರಣರು ಗುಡಿಯ ದೈವವನ್ನಾಗಿಯೂ ಮಾಡಲಿಲ್ಲ. ವಯಸ್ಸಿನಲ್ಲಿ ಕಿರಿಯಳಾದವಳನ್ನು ಹಿರಿಯರೆಲ್ಲ ‘ಅಕ್ಕ’ ಎಂದರು. ‘ಗಾಡೆಸ್’ ಎಂದೊಡನೆ ಓದುವವನು ಕೈಮುಗಿದು ದೂರ ನಿಲ್ಲುತ್ತಾನೆ; ‘ಅಕ್ಕ’ ಎಂದಾಗ ಹತ್ತಿರ ಕುಳಿತು ಕೇಳುತ್ತಾನೆ. ಆದುದರಿಂದ ಪತ್ರ ಬರೆದ ಭಕ್ತರಿಗೆ ನಮ್ಮ ಉತ್ತರವಿಷ್ಟೇ: ಚಂದ್ರಲಾಂಬೆಯ ವಿಷಯ ಬರೆಯುವಾಗ ನಿಮ್ಮ ಮಗಳು ಆ ಇಂಗ್ಲಿಷ್ ಪದವನ್ನು ಧಾರಾಳವಾಗಿ ಬಳಸಲಿ. ಇಲ್ಲಿ ಹೆಸರನ್ನು ಹಾಗೆಯೇ ಬಿಟ್ಟು, ‘ಅಕ್ಕ’ ಎಂಬುದರ ಅರ್ಥವನ್ನು ಬಿಡಿಸಿ ಬರೆಯಲಿ.