ಟೋನಿ ಬೆನ್: ಆನುವಂಶಿಕ ಪದವಿ ಮತ್ತು ಮತದಾರರ ಹಕ್ಕು

ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಟೋನಿ ಬೆನ್ (1925–2014) 1950ರಿಂದ 2001ರವರೆಗಿನ ಅರ್ಧ ಶತಮಾನದಲ್ಲಿ, ನಡುವಣ ಎರಡು ವಿರಾಮಗಳನ್ನು ಕಳೆದು, ಸುಮಾರು 47 ವರ್ಷ ಹೌಸ್ ಆಫ್ ಕಾಮನ್ಸ್‌ನ, ಎಂದರೆ ಜನರಿಂದ ಚುನಾಯಿತವಾದ ಕೆಳಮನೆಯ ಸದಸ್ಯರಾಗಿದ್ದರು. ಅವರು ಹಲವು ಖಾತೆಗಳ ಸಚಿವರಾಗಿದ್ದರೂ ಬ್ರಿಟಿಷ್ ಸಂವಿಧಾನದ ಇತಿಹಾಸದಲ್ಲಿ ಅವರ ಹೆಸರು ಉಳಿದಿರುವುದು, ತಮಗೆ ಬೇಡವಾದ ಪದವಿಯೊಂದನ್ನು ಬಿಟ್ಟುಕೊಡುವ ಹಕ್ಕಿಗಾಗಿ ಅವರು ನಡೆಸಿದ ಹೋರಾಟದಿಂದ.

ಅವರ ತಂದೆ ವಿಲಿಯಂ ವೆಜ್‌ವುಡ್ ಬೆನ್ 1929ರಿಂದ 1931ರವರೆಗೆ ಭಾರತ ಖಾತೆಯ ಸಚಿವರಾಗಿದ್ದರು; ಮೊದಲ ದುಂಡುಮೇಜಿನ ಪರಿಷತ್ತು ನಡೆದದ್ದು ಅವರ ಅವಧಿಯಲ್ಲೇ. 1931ರಲ್ಲಿ ಗಾಂಧೀಜಿ ಲಂಡನ್ನಿಗೆ ಬಂದಿದ್ದಾಗ ಆರು ವರ್ಷದ ಬಾಲಕ ಟೋನಿ ಅವರನ್ನು ಭೇಟಿಯಾಗಿದ್ದನು. 1950ರ ಉಪಚುನಾವಣೆಯಲ್ಲಿ ಟೋನಿ ಬೆನ್ ಗೆದ್ದ ಬ್ರಿಸ್ಟಲ್ ಆಗ್ನೇಯ ಕ್ಷೇತ್ರವನ್ನು ಅದುವರೆಗೆ ಪ್ರತಿನಿಧಿಸುತ್ತಿದ್ದವರು, 1942ರಲ್ಲಿ ಭಾರತಕ್ಕೆ ನಿಯೋಗ ತಂದಿದ್ದ ಸ್ಟಾಫರ್ಡ್ ಕ್ರಿಪ್ಸ್.

ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲೇಬರ್ ಪಕ್ಷದ ಬಲ ಹೆಚ್ಚಿಸುವ ಸಲುವಾಗಿ ತಂದೆ 1942ರಲ್ಲಿ ವೈಕೌಂಟ್ ಸ್ಟಾನ್ಸ್‌ಗೇಟ್ ಎಂಬ ಪದವಿಯನ್ನು ಒಪ್ಪಿಕೊಂಡಿದ್ದರು. ವೈಕೌಂಟ್ ಎಂಬುದು ಅಂದು ತಂದೆಯಿಂದ ಹಿರಿಯ ಮಗನಿಗೆ ತಾನಾಗಿ ಇಳಿದು ಬರುತ್ತಿದ್ದ ಶ್ರೀಮಂತ ಪದವಿ. ಅದಕ್ಕೆ ವಾರಸುದಾರನಾಗಬೇಕಿದ್ದ ಅಣ್ಣ ಮೈಕೆಲ್ ವಾಯುಪಡೆಯ ಸೇವೆಯಲ್ಲಿದ್ದಾಗಲೇ 1944ರಲ್ಲಿ ತೀರಿಕೊಂಡನು. ಹೀಗಾಗಿ 1960ರ ನವೆಂಬರ್ 17ರಂದು ತಂದೆ ನಿಧನರಾದ ಗಳಿಗೆಯಲ್ಲೇ ಪದವಿ ಟೋನಿ ಬೆನ್‌ರ ಪಾಲಿಗೆ ಬಂತು; ಅಂಥ ಪದವಿಯುಳ್ಳವರು ಕೆಳಮನೆಯಲ್ಲಿ ಕೂರುವಂತಿರಲಿಲ್ಲವಾದ್ದರಿಂದ ಅಲ್ಲಿನ ಸ್ಥಾನ ಕೈಬಿಟ್ಟುಹೋಯಿತು. ಪದವಿಯನ್ನು ಒಲ್ಲೆನೆನ್ನುವುದಕ್ಕೆ ಕಾನೂನಿನಲ್ಲಿ ದಾರಿಯೇ ಇರಲಿಲ್ಲ.

ತೆರವಾದ ಕ್ಷೇತ್ರದ ಉಪಚುನಾವಣೆ 1961ರ ಮೇ 4ರಂದು ನಡೆದಾಗ ಬೆನ್ ತಮ್ಮ ಅನರ್ಹತೆಯನ್ನು ಅರಿತೇ ಮತ್ತೆ ಸ್ಪರ್ಧಿಸಿದರು. ಅನರ್ಹರೆಂದು ಗೊತ್ತಿದ್ದೂ ಮತದಾರರು ಅವರಿಗೆ 23,275 ಮತಗಳನ್ನು ಕೊಟ್ಟರು. ಕನ್ಸರ್ವೇಟಿವ್ ಅಭ್ಯರ್ಥಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ ಬಂದದ್ದು 10,231. ಗೆದ್ದು ಬಂದ ಬೆನ್‌ರನ್ನು ಸಭಾಂಗಣದ ಬಾಗಿಲಲ್ಲೇ ದ್ವಾರಪಾಲಕನು ತಡೆದನು. ಚುನಾವಣಾ ನ್ಯಾಯಾಲಯವು ಅದೇ ವರ್ಷದ ಜುಲೈನಲ್ಲಿ ಸೋತ ಅಭ್ಯರ್ಥಿಗೆ ಸ್ಥಾನವನ್ನು ವಹಿಸಿತು. ನ್ಯಾಯಾಲಯದ ತೀರ್ಪು ಕಾನೂನಿನ ಅಕ್ಷರಕ್ಕೆ ತಪ್ಪಿರಲಿಲ್ಲವೆಂಬುದು ನಿಜ, ಆದರೆ ಹುಟ್ಟಿನ ಆಕಸ್ಮಿಕವೊಂದು ಇಪ್ಪತ್ಮೂರು ಸಾವಿರ ಮತಗಳನ್ನು ಅಳಿಸಿಹಾಕುವ ಕಾನೂನನ್ನು ಸಮರ್ಥಿಸಿಕೊಳ್ಳುವುದು ಆ ಬಳಿಕ ಯಾರಿಗೂ ಸುಲಭವಾಗಿ ಉಳಿಯಲಿಲ್ಲ. ಪದವಿ ತ್ಯಾಗಕ್ಕೆ ಅವಕಾಶ ಕೊಡುವ ಪಿಯರೇಜ್ ಕಾಯಿದೆಗೆ 1963ರ ಜುಲೈ 31ರಂದು ರಾಜಮುದ್ರೆ ಬಿದ್ದಾಗ ಅಂದಿನ ಸಂಜೆಯೇ ಬೆನ್ ಪದವಿಯನ್ನು ತೊರೆದರು. ಸೇಂಟ್ ಕ್ಲೇರ್ ತಾವು ಕೊಟ್ಟ ಮಾತಿನಂತೆ ಸ್ಥಾನ ಬಿಟ್ಟರು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಬೆನ್ ಮರಳಿ ಗೆದ್ದರು. ಇದೇ ಕಾಯಿದೆಯ ಬಲದಿಂದ ಲಾರ್ಡ್ ಹೋಮ್ ಆ ವರ್ಷದ ಅಕ್ಟೋಬರ್‌ನಲ್ಲಿ ಪದವಿ ತೊರೆದು, ಪ್ರಧಾನಿಯಾಗಿ ಕೆಳಮನೆಗೆ ಬರಲು ಸಾಧ್ಯವಾಯಿತು.

ಮುಂದೆ ಬೆನ್ ಅಂಚೆ, ತಂತ್ರಜ್ಞಾನ, ಕೈಗಾರಿಕೆ ಮತ್ತು ಇಂಧನ ಖಾತೆಗಳನ್ನು ನಿರ್ವಹಿಸಿದರು. ಅಧಿಕಾರವು ಮತದಾರರ ಸ್ವತ್ತು, ಪ್ರತಿನಿಧಿಯ ಕೈಯಲ್ಲಿ ಅದು ಕೇವಲ ಎರವಲು ಎಂಬ ನಿಲುವು ಬ್ರಿಸ್ಟಲ್ ಹೋರಾಟದಿಂದ ಗಟ್ಟಿಯಾಯಿತೆನ್ನಲು ಸಾಕಷ್ಟು ಆಧಾರವಿದೆ. ಯುರೋಪಿಯನ್ ಸಮುದಾಯದ ಸದಸ್ಯತ್ವವನ್ನು ಜನಮತಗಣನೆಗೆ ಒಡ್ಡಬೇಕೆಂದು ಪಟ್ಟುಹಿಡಿದವರು ಅವರೇ; 1975ರಲ್ಲಿ ಅದು ನಡೆದಾಗ ಸದಸ್ಯತ್ವವನ್ನು ವಿರೋಧಿಸಿದ ಅವರ ಬಣವೇ ಸೋತಿತು, ಅವರು ಆ ಫಲಿತಾಂಶವನ್ನು ಒಪ್ಪಿಕೊಂಡರು. 1981ರಲ್ಲಿ ಪಕ್ಷದ ಉಪನಾಯಕತ್ವ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ತಪ್ಪಿತು. 1983ರಲ್ಲಿ ಬ್ರಿಸ್ಟಲ್‌ನಲ್ಲಿ ಸೋತ ಅವರು ಮರುವರ್ಷ ಚೆಸ್ಟರ್‌ಫೀಲ್ಡ್‌ನಿಂದ ಆಯ್ಕೆಯಾದರು.

ಮತದ ಹಕ್ಕಿಗಾಗಿ ತಮಗಿಂತ ಮುಂಚೆ ಹೋರಾಡಿದವರನ್ನೂ ಬೆನ್ ಮರೆಯಲಿಲ್ಲ. ಮಹಿಳಾ ಮತದಾನದ ಹೋರಾಟಗಾರ್ತಿ ಎಮಿಲಿ ವೈಲ್ಡಿಂಗ್ ಡೇವಿಸನ್ 1911ರ ಜನಗಣತಿಯ ರಾತ್ರಿ, ತನ್ನ ವಾಸಸ್ಥಳ ಹೌಸ್ ಆಫ್ ಕಾಮನ್ಸ್ ಎಂದು ದಾಖಲಾಗಲೆಂದು, ಸಂಸತ್ ಭವನದ ನೆಲಮಾಳಿಗೆಯ ಪ್ರಾರ್ಥನಾ ಮಂದಿರದಲ್ಲಿರುವ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಅಡಗಿ ಕುಳಿತಿದ್ದಳು. ಕಸಪೊರಕೆ ಇಡುವ ಆ ಕೋಣೆಯೊಳಗೆ ಅವಳ ನೆನಪಿನ ಫಲಕವನ್ನು 1991ರಲ್ಲಿ ಬೆನ್ ಸ್ವತಃ ಕೂರಿಸಿದರು. 2014ರ ಮಾರ್ಚ್‌ನಲ್ಲಿ ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಅವರ ಪಾರ್ಥಿವ ಶರೀರವನ್ನು ಇರಿಸಿದ್ದು ಅದೇ ಮಂದಿರದಲ್ಲಿ.