ಸಣ್ಣ ಗೆಸ್ಟ್‌ಹೌಸಿಗೆ ಬೆಳಗಿನ ನಾಷ್ಟಾ: ಉಂಡವಳ್ಳಿ ಕಡೆಗೆ ಒಪ್ಪುವ ಮೆನು

ಜೋಗುಳಾಂಬಾ ಗದ್ವಾಲ ಜಿಲ್ಲೆಯ ಉಂಡವಳ್ಳಿ, ಹೈದರಾಬಾದ್–ಕರ್ನೂಲು ಹೆದ್ದಾರಿಗೂ ಆಲಂಪುರಕ್ಕೂ ಹತ್ತಿರದ ಊರು. ಅಷ್ಟಾದಶ ಶಕ್ತಿಪೀಠಗಳಲ್ಲಿ ಒಂದಾದ ಜೋಗುಳಾಂಬಾ ಗುಡಿ ಮತ್ತು ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳನ್ನು ನೋಡಲು ಜನ ಬರುತ್ತಾರೆ. ಇಂಥ ಕಡೆ ನಾಲ್ಕೈದು ಕೋಣೆಗಳ ಗೆಸ್ಟ್‌ಹೌಸ್ ನಡೆಸುವವರು ಹೆದ್ದಾರಿ ಹೋಟೆಲಿನಂತೆ ಇಪ್ಪತ್ತು ತಿಂಡಿ ಮಾಡಲು ಹೋದರೆ, ಉಳಿದದ್ದು ಚೆಲ್ಲುವುದರಲ್ಲೇ ಲಾಭ ಕರಗುತ್ತದೆ. ದಿನಕ್ಕೆ ಮೂರು ತಿಂಡಿ, ಎರಡು ಚಟ್ನಿ ಸಾಕು.

ಉಗ್ಗಾಣಿ: ರಾಯಚೂರು ಕಡೆ ಇದೇ ಮಂಡಾಳು ಒಗ್ಗರಣೆ. ಮಂಡಾಳನ್ನು (ತೆಲುಗಿನಲ್ಲಿ ಬೊರುಗುಲು) ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಬೇಕು. ಒಗ್ಗರಣೆಗೆ ಹೆಚ್ಚಿಟ್ಟಿದ್ದರೆ ಕಾಲು ತಾಸಿನಲ್ಲಿ ಸಿದ್ಧ. ಆದ್ದರಿಂದ ಅತಿಥಿ ಕೇಳಿದ ಮೇಲೆಯೇ ಮಾಡಬಹುದು. ಜೊತೆಗೆ ಬಿಸಿ ಮಿರ್ಚಿ ಬಜ್ಜಿ ಇದ್ದರೆ ದೂರದವರೂ ಮರೆಯುವುದಿಲ್ಲ.

ಇಡ್ಲಿ: ಮಕ್ಕಳು, ವಯಸ್ಸಾದವರು, ಖಾರ ಒಲ್ಲದವರಿಗೆ. ಒಂದು ಪಾವು ಉದ್ದಿನಬೇಳೆಗೆ ಎರಡು ಪಾವು ಇಡ್ಲಿ ರವೆ. ಬೇಸಿಗೆಯಲ್ಲಿ ಹಿಟ್ಟು ಬೇಗ ಹುಳಿಯಾಗುವುದರಿಂದ ರಾತ್ರಿ ತಡವಾಗಿ ರುಬ್ಬುವುದು ಒಳ್ಳೆಯದು. ಎಷ್ಟು ಜನ ತಿನ್ನುತ್ತಾರೆಂದು ರಾತ್ರಿ ಊಟದ ಹೊತ್ತಿಗೇ ಕೇಳಿಕೊಳ್ಳಬೇಕು.

ಜೋಳದ ರೊಟ್ಟಿ: ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದವರೂ ಜೋಳ, ಸಜ್ಜೆ ಕೇಳುತ್ತಾರೆ. ಬಿಸಿ ರೊಟ್ಟಿ ಬಡಿಯುವವರು ಸಿಗದ ದಿನ ಖಡಕ್ ರೊಟ್ಟಿ ಕೈಹಿಡಿಯುತ್ತದೆ. ಒಣಗಿಸಿಟ್ಟರೆ ಬಹಳ ದಿನ ಕೆಡುವುದಿಲ್ಲ. ಮೊಸರು, ಶೇಂಗಾ ಚಟ್ನಿಪುಡಿ ಜೊತೆ ಕೊಡಬಹುದು.

ಚಟ್ನಿ: ಹಸಿ ಕೊಬ್ಬರಿ ಚಟ್ನಿ ಮಧ್ಯಾಹ್ನದೊಳಗೇ ಹಳಸುತ್ತದೆ, ಶೇಂಗಾ ಪುಡಿ ವಾರಗಟ್ಟಲೆ ಇರುತ್ತದೆ. ಆದರೆ ಶೇಂಗಾ ಕೆಲವರಿಗೆ ಒಗ್ಗುವುದಿಲ್ಲ. ಅದು ಯಾವುದರಲ್ಲಿದೆ ಎಂದು ಮೆನುವಿನಲ್ಲೇ ಬರೆದಿರಬೇಕು.

ಹೊತ್ತು ಮುಖ್ಯ. ದರ್ಶನ ಮುಗಿಸಿಯೇ ತಿನ್ನುವವರು ತಡವಾಗಿ ಬರುತ್ತಾರೆ, ಪ್ರಯಾಣಿಕರು ಆರಕ್ಕೇ ಹೊರಡುತ್ತಾರೆ. ಮೊದಲಿನವರಿಗೆ ಉಗ್ಗಾಣಿ, ಎರಡನೆಯವರಿಗೆ ಕಟ್ಟಿಕೊಡಲು ಖಡಕ್ ರೊಟ್ಟಿ ಅನುಕೂಲ. ಅಮಾವಾಸ್ಯೆ, ಶಿವರಾತ್ರಿ, ನವರಾತ್ರಿಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಒಂದು ತಿಂಡಿ ಇರಲೇಬೇಕು.

ಮೆನು ಕನ್ನಡ, ತೆಲುಗು ಎರಡರಲ್ಲೂ ಇರಲಿ. ಜೋಳದ ರೊಟ್ಟಿಯ ಪಕ್ಕ ಜೊನ್ನ ರೊಟ್ಟೆ, ಶೇಂಗಾ ಪಕ್ಕ ಪಲ್ಲೀಲು ಎಂದಿದ್ದರೆ ಗಡಿಯ ಎರಡೂ ಕಡೆಯವರಿಗೆ ತಮ್ಮ ಮನೆಯ ತಿಂಡಿ ಅನ್ನಿಸುತ್ತದೆ. ಬೆಲೆಯನ್ನೂ ಬರೆದಿಡುವುದು ಜಗಳ ತಪ್ಪಿಸುತ್ತದೆ.

ಅತಿಥಿಗಳಿಗೆ ಆಹಾರ ಮಾರುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಮಾಡಿದ ತಿಂಡಿ ಬಿಸಿಯಾಗಿರುವಾಗಲೇ ಬಡಿಸಬೇಕು. ನಿನ್ನೆಯದನ್ನು ಬಿಸಿ ಮಾಡಿ ಕೊಟ್ಟ ಗೆಸ್ಟ್‌ಹೌಸಿಗೆ ಎರಡನೇ ಸಲ ಯಾರೂ ಬರುವುದಿಲ್ಲ.