ಚಾಲಿ ಅಡಿಕೆ: ಮಳೆಗಾಲದ ದಾಸ್ತಾನಿನಲ್ಲಿ ತೇವಾಂಶ ನಿರ್ವಹಣೆ

ಮಂಗಳೂರು ಮಾರುಕಟ್ಟೆಯಲ್ಲಿ ಹಳೆಯ ಚಾಲಿಗೆ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚಿನ ಧಾರಣೆ ದೊರೆಯುತ್ತದೆ. ಆದರೆ ದಾಸ್ತಾನಿರಿಸಿದ ಅಡಿಕೆಯು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ಮಳೆಗಾಲವನ್ನು ದಾಟಬೇಕಾಗುತ್ತದೆ. ಒಣಗಿದ ಅಡಿಕೆಯು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಬೂಷ್ಟು ಬೆಳೆದು, ಬಣ್ಣ ಮಾಸಿ, ರುಚಿ ಕೆಟ್ಟು, ದರ್ಜೆ ಕುಸಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಉತ್ಪಾದಿಸುತ್ತವೆ. ಮರಳಿ ಒಣಗಿಸಿದರೂ ಅದು ನಾಶವಾಗದು.

ಆದುದರಿಂದ ಹಣ್ಣಡಿಕೆಯನ್ನು 40–45 ದಿನ ಬಿಸಿಲಿನಲ್ಲಿ ಒಣಗಿಸಿರಿ. ಕುಲುಕಿದಾಗ ಸಿಪ್ಪೆಯೊಳಗಿನ ಅಡಿಕೆ ಸದ್ದು ಮಾಡಬೇಕು. ಸುಲಿದ ಅಡಿಕೆಯನ್ನು ಪಾಲಿಥೀನ್ ಒಳಪದರವಿರುವ ಗೋಣಿಚೀಲದಲ್ಲಿ ಬಿಗಿಯಾಗಿ ಕಟ್ಟಿ, ಗೋಡೆಗೆ ತಾಗದಂತೆ ಮರದ ಹಲಗೆಗಳ ಮೇಲೆ ಇರಿಸಿರಿ. ಅರೆಒಣಗಿದ ಅಡಿಕೆಯನ್ನು ಹೀಗೆ ತುಂಬಿದರೆ ತೇವವು ಚೀಲದೊಳಗೇ ಉಳಿದು ಹಾನಿ ಹೆಚ್ಚುತ್ತದೆ. ಮಳೆ ಸುರಿಯುವ ದಿನಗಳಲ್ಲಿ ಚೀಲಗಳನ್ನು ತೆರೆಯಬೇಡಿರಿ. ಬೂಷ್ಟು ಹಿಡಿದ ಅಡಿಕೆಯನ್ನು ಉತ್ತಮವಾದುದರೊಂದಿಗೆ ಬೆರೆಸದೆ ಪ್ರತ್ಯೇಕಿಸಿರಿ.